ರಾಶಿ ಅಂದ್ರೆ ಗುಡ್ಡೆ ಅಲ್ಲ ಮಾರಾಯ

ಡಿಸೆಂಬರ್‌ನ ಒಂದು ಬೆಳಿಗ್ಗೆ ಶಿರಸಿಯಿಂದ ಭಾವನ ಫೋನು ಬಂತು. ನಾನಿನ್ನೂ ಹಲ್ಲು ತಿಕ್ಕಿರಲಿಲ್ಲ. "ನಿನ್ನ ಮಷಿನ್ನು ಚಾಲಿಗೆ ಕ್ವಿಂಟಲಿಗೆ ಇಪ್ಪತ್ತೊಂದು ಸಾವಿರ ಹೇಳ್ತು ಮಾರಾಯ, ಎದುರಿಗೆ ಕೂತವರು ನಗಾಡ್ತಾ ಇದ್ದ" ಅಂದರು. ಮಷಿನ್ನು ಅಂದರೆ ಅಂಗಡಿ ಲೆಕ್ಕದ ಪ್ರಶ್ನೆಗೆ ಉತ್ತರ ಹೇಳಲು ನಾನು ಅವರಿಗೆ ಹಾಕಿಕೊಟ್ಟ ಎಐ ಏಜೆಂಟ್, ಚಾಲಿ ಅಂದರೆ ಅಡಿಕೆಯ ಒಂದು ತರ. ಭಾವನಿಗೂ ನಗು ಬಂದಿತ್ತು, ಆದರೆ ಪೂರ್ತಿ ನಗು ಅಲ್ಲ. ಅಡಿಕೆ ವ್ಯಾಪಾರಿಯ ಅಂಗಡಿಯಲ್ಲಿ ಬೆಳೆಗಾರರ ಎದುರೇ ಅರ್ಧ ದರ ಹೇಳಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದದ್ದು ಇಷ್ಟು. ಭಾವ ಶಿರಸಿಯ ದರವನ್ನೂ ಬರೆದಿಡುತ್ತಾರೆ, ಮಂಗಳೂರಿನದನ್ನೂ ಬರೆದಿಡುತ್ತಾರೆ. ಘಟ್ಟದ ಮೇಲೆ ದರ ಹೇಳುವುದು ಕ್ವಿಂಟಲಿಗೆ. ಘಟ್ಟದ ಕೆಳಗೆ ಕೆಜಿಗೆ. ಅವತ್ತು ಟೇಬಲ್ಲಿನಲ್ಲಿ ಶಿರಸಿಯ ಸಾಲಿನಲ್ಲಿ 43,000 ಅಂತಿತ್ತು, ಮಂಗಳೂರಿನ ಸಾಲಿನಲ್ಲಿ 450 ಅಂತಿತ್ತು (ಅಂಕಿ ಸ್ವಲ್ಪ ದುಂಡಗೆ ಮಾಡಿದ್ದೇನೆ). "ಚಾಲಿ ದರ ಸುಮಾರು ಎಷ್ಟು ನಡೀತಾ ಇದೆ" ಅಂತ ಭಾವ ಕೇಳಿದರು. ಎಐ ಏಜೆಂಟ್ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಕ್ವಿಂಟಲಿಗೆ 21,725 ರೂಪಾಯಿ ಅಂತ ಬಹಳ ವಿನಯದಿಂದ ಉತ್ತರ ಕೊಟ್ಟಿತು. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿಲ್ಲ ನೋಡಿ.

ಏಜೆಂಟನ್ನು ಬೈಯುವುದು ಸುಲಭ. ನಾನೂ ಮೊದಲು ಅದನ್ನೇ ಮಾಡಿದೆ. ಆಮೇಲೆ ನಾನು ಬರೆದಿದ್ದ ಟೂಲ್, ಅಂದರೆ ಏಜೆಂಟ್ ಕರೆದು ಬಳಸುವ ಸಣ್ಣ ಪ್ರೋಗ್ರಾಮು, ತೆಗೆದು ನೋಡಿದರೆ ಅದರ ವಿವರಣೆಯ ಜಾಗದಲ್ಲಿ ಇದ್ದದ್ದು ಎರಡೇ ಪದ: 'ದರ ತರುತ್ತದೆ'. ಯಾವ ಮಾರುಕಟ್ಟೆಯದು, ಯಾವ ಅಳತೆಗೆ, ಯಾವ ದಿನದ್ದು, ಒಂದೂ ಇಲ್ಲ. 450 ಅಂದರೆ ಕೆಜಿಗೆ ಅಂತ ಅಂಗಡಿಯಲ್ಲಿ ಚಹಾ ತರುವ ಹುಡುಗನಿಗೂ ಗೊತ್ತು. ನನಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಅಕ್ಕನ ಗಂಡ, ಅಂದರೆ ಈ ಭಾವ, ಶಿರಸಿ ಹತ್ತಿರ ಸಣ್ಣ ಮಟ್ಟದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾರೆ. ಸುತ್ತಲಿನ ಊರುಗಳಿಂದ ಕೊಳ್ಳುವುದು, ಮಳೆಗಾಲದಲ್ಲಿ ಬೆಳೆಗಾರರಿಗೆ ಅಡ್ವಾನ್ಸ್ ಕೊಡುವುದು, ಸುಗ್ಗಿಯಲ್ಲಿ ಅದನ್ನು ಮುರಿದುಕೊಳ್ಳುವುದು. ಲೆಕ್ಕ ಎಲ್ಲ ಕಿರ್ದಿ ಪುಸ್ತಕದಲ್ಲಿತ್ತು. ಹೋದ ಮಳೆಗಾಲ ಊರಿಗೆ ಹೋದಾಗ ಅದನ್ನು ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಹಾಕಿಕೊಟ್ಟೆ, ಮೇಲೊಂದಷ್ಟು ಪೈಥಾನ್ ಕೋಡ್ ಬರೆದೆ, ಅದಕ್ಕೆ ಎಂಸಿಪಿ ಸರ್ವರ್ ಕಟ್ಟಿದೆ (ಎಂಸಿಪಿ ಏನು ಅಂತ ಮುಂದೆ ಹೇಳುತ್ತೇನೆ). ಭಾವ ಲ್ಯಾಪ್‌ಟಾಪಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಹಾಕಿದರೆ ಏಜೆಂಟ್ ನನ್ನ ಟೂಲ್‌ಗಳನ್ನು ಕರೆದು ಉತ್ತರ ಹೇಳುತ್ತೆ. ಭಾನುವಾರ ಶುರು ಮಾಡಿದ್ದು ಬುಧವಾರಕ್ಕೆ ಮುಗಿಯಿತು. ಕೋಡ್ ಬರೆಯುವುದೇ ಕಷ್ಟದ ಭಾಗ ಅಂದುಕೊಂಡಿದ್ದೆ ಆಗ.

ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಪದ್ಧತಿ, ಆಂಥ್ರೊಪಿಕ್ ಅನ್ನುವ ಎಐ ಕಂಪನಿ 2024ರ ನವೆಂಬರ್‌ನಲ್ಲಿ ಹೊರಬಿಟ್ಟದ್ದು. ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಓಪನ್‌ಎಐ ತನ್ನ ಎಪಿಐಗೆ (ಪ್ರೋಗ್ರಾಮುಗಳು ಒಂದನ್ನೊಂದು ಮಾತಾಡಿಸುವ ಬಾಗಿಲು ಅನ್ನಿ) ಫಂಕ್ಷನ್ ಕಾಲಿಂಗ್ ಅಂತ ಸೇರಿಸಿತ್ತು. ಎರಡರ ಒಳಗುಟ್ಟೂ ಹೆಚ್ಚುಕಮ್ಮಿ ಒಂದೇ. ಮಾಡೆಲ್‌ಗೆ, ಅಂದರೆ ಏಜೆಂಟಿನ ಒಳಗಿರುವ ಎಐಗೆ, ಪ್ರತಿ ಟೂಲ್‌ನ ಹೆಸರು, ಒಂದು ವಿವರಣೆ, ಮತ್ತು ಏನೇನು ಮಾಹಿತಿ ಕೊಡಬೇಕು ಅನ್ನುವ ಜೇಸನ್ ಸ್ಕೀಮಾ, ಈ ಮೂರನ್ನು ಪಠ್ಯವಾಗಿ ಕೊಡುತ್ತೇವೆ. ಮಾಡೆಲ್ ಓದಿಕೊಳ್ಳುತ್ತೆ. ಇಂಥ ಟೂಲನ್ನು ಇಂಥ ಮಾಹಿತಿಯ ಜೊತೆ ಕರೆ ಅಂತ ಬರೆದುಕೊಡುತ್ತೆ. ಕರೆಯುವ ಕೆಲಸ ಹೊರಗಿನ ಪ್ರೋಗ್ರಾಮಿನದು, ಬಂದ ಉತ್ತರ ಮತ್ತೆ ಪಠ್ಯವಾಗಿ ಮಾಡೆಲ್ ಮುಂದೆ ಬೀಳುತ್ತೆ. ನನ್ನ ಪೈಥಾನ್ ಕೋಡ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕೋಡಿನ ಒಳಗೆ ನಾನು ಪ್ರೀತಿಯಿಂದ ಬರೆದ ಕಾಮೆಂಟೂ ಕಾಣುವುದಿಲ್ಲ. ಗೋಡೆಯಾಚೆ ಕೂತವನಿಗೆ ಕಿಂಡಿಯಿಂದ ಒಂದು ಚೀಟಿ ಕೊಟ್ಟ ಹಾಗೆ, ಚೀಟಿಯಲ್ಲಿ ಏನಿದೆಯೋ ಅಷ್ಟೇ ಅವನ ಪ್ರಪಂಚ.

ಮನುಷ್ಯನಿಗೆ ಅರ್ಧಂಬರ್ಧ ಡಾಕ್ಯುಮೆಂಟ್ ಕೊಟ್ಟರೆ ಅವನು ತಲೆ ಕೆರೆದುಕೊಳ್ಳುತ್ತಾನೆ, ಪಕ್ಕದವನನ್ನು ಕೇಳುತ್ತಾನೆ, ನನಗೆ ಬೈದು ಒಂದು ಮೆಸೇಜ್ ಹಾಕುತ್ತಾನೆ. ಏಜೆಂಟ್‌ಗೆ ಪಕ್ಕದವನೂ ಇಲ್ಲ, ಸಿಟ್ಟೂ ಇಲ್ಲ. ನಾವು ಖಾಲಿ ಬಿಟ್ಟ ಜಾಗವನ್ನು ಅದು ಊಹೆಯಿಂದ ತುಂಬುತ್ತೆ, ಆ ಊಹೆಯೂ ಚೆನ್ನಾಗಿಯೇ ಇರುತ್ತೆ, ಅಲ್ಲೇ ಇರುವುದು ತೊಂದರೆ.

ಚೀಲದ ಕಥೆ ಕೇಳಿ. "ಕೆಳಗಿನಮನೆಯಿಂದ ಎಂಟು ಚೀಲ ಬಂತು" ಅಂತ ಭಾವ ಟೈಪ್ ಮಾಡಿದರು. ನನ್ನ ಟೂಲ್ ಕೇಳುತ್ತಿದ್ದದ್ದು ತೂಕ. ಏಜೆಂಟ್ 400 ಅಂತ ಬರೆದು ಮುಗಿಸಿತು. ಚೀಲ ಅಂದರೆ ಐವತ್ತು ಕೆಜಿ ಅಂತ ಹಿಡಿದುಕೊಂಡಿದೆ, ಸಿಮೆಂಟಿನ ಹಾಗೆ! ಅಡಿಕೆ ಚೀಲ ಒಂದೊಂದು ಒಂದೊಂದು ತೂಕ, ತಕ್ಕಡಿಗೆ ಹಾಕದೆ ಯಾರೂ ಬರೆಯುವುದಿಲ್ಲ. ಭಾವ ಹೇಳಿದ್ದು ಸುಮ್ನೆ ನೆನಪಿಗೆ, ತೂಕ ಮಧ್ಯಾಹ್ನ ಮಾಡುವವರಿದ್ದರು.

ಇದಕ್ಕೆ ನಾನು ಮೊದಲು ಮಾಡಿದ ಪರಿಹಾರ ವಿವರಣೆಯಲ್ಲಿ ಒಂದು ಸಾಲು ಸೇರಿಸಿದ್ದು: ಚೀಲದಿಂದ ತೂಕ ಲೆಕ್ಕ ಹಾಕಬೇಡ. ಕೆಲಸ ಮಾಡಿತು. ಆದರೆ ಆಮೇಲೆ ಯೋಚಿಸಿದೆ, 'ಹಾಗೆ ಮಾಡಬೇಡ' ಅಂತ ಬರೆಯಬೇಕಾಗಿ ಬಂದರೆ ಟೂಲೇ ಸರಿ ಇಲ್ಲ ಅಂತ ಅಲ್ವಾ? ಹಾಗಾಗಿ ಆ ಟೂಲನ್ನೇ ಬದಲಿಸಿದೆ. ಈಗ ತೂಕದ ಜಾಗದ ಹೆಸರು ಬರೀ 'ತೂಕ' ಅಂತಿಲ್ಲ, 'ತಕ್ಕಡಿ_ತೂಕ_ಕೆಜಿ' ಅಂತಿದೆ. ಪಕ್ಕದಲ್ಲಿ 'ಚೀಲಗಳು' ಅಂತ ಬೇರೆ ಜಾಗ. ತೂಕ ಇನ್ನೂ ಆಗಿಲ್ಲದಿದ್ದರೆ ಖಾಲಿ ಬಿಡಬಹುದು, 'ತೂಕ ಬಾಕಿ' ಅಂತ ನಮೂದಾಗುತ್ತೆ. ಮೊದಲು ಏಜೆಂಟ್‌ಗೆ ಸತ್ಯ ಬರೆಯಲು ಜಾಗವೇ ಇರಲಿಲ್ಲ, ಪಾಪ. ತೂಕ ಕಡ್ಡಾಯ ಅಂತ ನಾನೇ ಹೇಳಿದ್ದೆ, ಅದು ಏನೋ ಒಂದು ತುಂಬಿತು.

ಇದೇ ಥರದ್ದೊಂದು ಆಂಥ್ರೊಪಿಕ್‌ನವರು 2024ರ ಡಿಸೆಂಬರ್‌ನ ಒಂದು ಬರಹದಲ್ಲಿ ಹೇಳಿದ್ದಾರೆ. ಅವರ ಕೋಡಿಂಗ್ ಏಜೆಂಟ್ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋದಮೇಲೆ, ಫೈಲಿನ ದಾರಿಯನ್ನು ಎಲ್ಲಿಂದ ಹಿಡಿಯಬೇಕು ಅಂತ ತಪ್ಪುತ್ತಿತ್ತು. ಕೊನೆಗೆ ಅವರು ಟೂಲನ್ನೇ ಬದಲಿಸಿ, ಬುಡದಿಂದ ಪೂರ್ತಿ ದಾರಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುವ ಹಾಗೆ ಮಾಡಿದರು. ತಪ್ಪು ನಿಂತಿತು. ಇದನ್ನು ಓದಿದಾಗ ತಲೆ ಅಲ್ಲಾಡಿಸಿ ಮುಂದೆ ಹೋಗಿದ್ದೆ, ಎಂಟು ಚೀಲ ಬಂದ ಮೇಲೆ ಅರ್ಥ ಆಯಿತು.

ದರದ ವಿಷಯದಲ್ಲೂ ಅದನ್ನೇ ಮಾಡಿದೆ. ಟೂಲ್ ಈಗ ಯಾವ ಮಾರುಕಟ್ಟೆಯ ದರವಾದರೂ ಕ್ವಿಂಟಲಿಗೆ ಪರಿವರ್ತಿಸಿಯೇ ಕೊಡುತ್ತೆ, ಉತ್ತರದಲ್ಲಿ 'ರೂಪಾಯಿ_ಪ್ರತಿ_ಕ್ವಿಂಟಲ್' ಅಂತ ಹೆಸರಿನಲ್ಲೇ ಅಳತೆ ಇರುತ್ತೆ. ಹಣದ ಎಪಿಐಗಳಲ್ಲಿ ಇದು ಹೊಸದೇನಲ್ಲ. ಆನ್‌ಲೈನ್ ಪಾವತಿಯ ರೇಜರ್‌ಪೇನಲ್ಲಿ ಐನೂರು ರೂಪಾಯಿಗೆ 50000 ಅಂತ ಕಳಿಸಬೇಕು, ಯಾಕಂದರೆ ಅಲ್ಲಿ ಲೆಕ್ಕ ಪೈಸೆಯಲ್ಲಿ. ಡಾಕ್ಯುಮೆಂಟ್‌ನಲ್ಲಿ ಅವರು ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಬರೆಯದೆ ಇದ್ದಿದ್ದರೆ ಯಾವ ಏಜೆಂಟೂ, ಯಾವ ಮನುಷ್ಯನೂ ಮೊದಲ ಸಲವೇ ಸರಿಯಾಗಿ ಕಳಿಸುತ್ತಿರಲಿಲ್ಲ.

ಈಗ ರಾಶಿಗೆ ಬರೋಣ. ನನಗೆ ಇದೇ ಇಷ್ಟದ ತಪ್ಪು.

ಅಡಿಕೆ ಊರಿನವರಲ್ಲದವರಿಗೆ: ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ವಾರಗಟ್ಟಲೆ ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಎಳೆಯದನ್ನು ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಅದರಲ್ಲೊಂದು ತರ ರಾಶಿ. ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಂತ ಇನ್ನೂ ಇವೆ. ಶಿವಮೊಗ್ಗ ಕಡೆ ಹೋದರೆ ಸರಕು, ಗೊರಬಲು ಅನ್ನುವುದೂ ಸೇರುತ್ತೆ. ಭಾವ ಒಂದು ಸಂಜೆ "ರಾಶಿ ಎಷ್ಟಿದೆ" ಅಂತ ಕೇಳಿದರು. ಏಜೆಂಟ್ ಗೋದಾಮಿನಲ್ಲಿದ್ದ ಎಲ್ಲ ತರದ ಅಡಿಕೆಯನ್ನೂ ಕೂಡಿಸಿ, ಒಟ್ಟು ಇಷ್ಟು ರಾಶಿ ಇದೆ ಅಂದಿತು. ಕನ್ನಡ ಕಲಿತ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ರಾಶಿ ಅಂದರೆ ಗುಡ್ಡೆ ತಾನೆ? ಪುಣ್ಯಕ್ಕೆ ಮೇಷ, ವೃಷಭ ಅಂತ ಶುರು ಮಾಡಲಿಲ್ಲ.

"ರಾಶಿ ಅಂದ್ರೆ ಗುಡ್ಡೆ ಅಲ್ಲ ಮಾರಾಯ, ನಿನ್ನ ಮಷಿನ್ನಿಗೆ ಎಂತದೂ ಗೊತ್ತಿಲ್ಲೆ" ಅಂತ ಭಾವ ಫೋನಿಟ್ಟರು.

ಮಾಡೆಲ್‌ಗೆ ಅಡಿಕೆಯ ಬಗ್ಗೆ ಗೊತ್ತಿಲ್ಲ ಅಂತಲ್ಲ. ರಾಶಿ ಅಡಿಕೆ ಅಂದರೆ ಏನು ಅಂತ ನೇರವಾಗಿ ಕೇಳಿದರೆ ಚೆನ್ನಾಗಿಯೇ ಹೇಳುತ್ತೆ. ಆದರೆ ಈ ಅಂಗಡಿಯಲ್ಲಿ, ಈ ಟೂಲ್ ಎದುರು, ಈ ಪದಕ್ಕೆ ಯಾವ ಅರ್ಥ ಅಂತ ಯಾರೂ ಹೇಳಿರಲಿಲ್ಲ. ನಾನು 'ತರ' ಅನ್ನುವ ಜಾಗಕ್ಕೆ ಏನು ಬೇಕಾದರೂ ಬರೆಯಬಹುದಾದ ಪಠ್ಯ ಅಂತ ಬಿಟ್ಟಿದ್ದೆ. ಈಗ ಅಲ್ಲಿ ಎಣಿಸಿಟ್ಟ ಏಳು ಹೆಸರು ಮಾತ್ರ ನಡೆಯುತ್ತವೆ, ಒಂದೊಂದಕ್ಕೂ ಅರ್ಧ ಸಾಲು ವಿವರಣೆ, ಜೊತೆಗೆ ಜನ ಹೇಗೆಲ್ಲ ಟೈಪ್ ಮಾಡುತ್ತಾರೆ ಅಂತ. ಭಾವ ಒಮ್ಮೆ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಚಾಲಿಗೆ ಅವರೊಬ್ಬರದೇ ಮೂರು ಸ್ಪೆಲ್ಲಿಂಗ್ ಇವೆ. 'ಸರಕು' ಬಂದಾಗ ಇನ್ನೊಂದು ಸಾಲು: ಇದು ಅಡಿಕೆಯ ತರ, ಸಾಮಾನು ಅಂತ ಅಲ್ಲ.

ಇಲ್ಲೊಂದು ಪ್ರಶ್ನೆ ಬರುತ್ತೆ, ನನ್ನ ಗೆಳೆಯರೂ ಕೇಳಿದರು. ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕಾ ಇಂಗ್ಲಿಷಿನಲ್ಲಾ? ನನಗೆ ಕನ್ನಡದಲ್ಲೇ ಬರೆಯುವ ಆಸೆ ಇತ್ತು, ಬರೆದೂ ನೋಡಿದೆ. ಏಜೆಂಟ್ ಅರ್ಥ ಮಾಡಿಕೊಳ್ಳುತ್ತೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ ಚಿಹ್ನೆಗೆ ಮೂರು ಬೈಟ್, ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಮಾಡೆಲ್‌ಗಳು ಪಠ್ಯವನ್ನು ತುಂಡರಿಸುವ ಟೋಕನ್‌ಗಳ ಲೆಕ್ಕದಲ್ಲೂ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಜಾಸ್ತಿ ಟೋಕನ್ ಬೀಳುತ್ತೆ. ಟೂಲ್ ವಿವರಣೆ ಅನ್ನುವುದು ಪ್ರತಿ ಮಾತುಕತೆಯ ಜೊತೆಗೂ ಹೋಗುವಂಥದ್ದು, ಹಾಗಾಗಿ ಇದು ದುಡ್ಡಿನ ಮಾತೂ ಹೌದು. ಕೊನೆಗೆ ನಾನು ಬಂದು ನಿಂತದ್ದು ಬೆರಕೆಯಲ್ಲಿ: ವಾಕ್ಯ ಇಂಗ್ಲಿಷಿನದು, ಅಡಿಕೆಯ ಪದ ಎಲ್ಲ ಕನ್ನಡ ಲಿಪಿಯಲ್ಲಿ ಹಾಗೇ. ರಾಶಿಯನ್ನು ಇಂಗ್ಲಿಷಿಗೆ ಅನುವಾದ ಮಾಡಲು ಹೋದರೆ ಮತ್ತೆ ಗುಡ್ಡೆಯೇ ಆಗುವುದು.

ಡಾಕ್ಯುಮೆಂಟ್ ಬರೆಯುವುದರಲ್ಲಿ ನನಗೆ ಈಗ ಗುರು ಅನ್ನಿಸುವುದು ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಹಳೆ ಕೈಪಿಡಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ತಾರೀಖಿದೆ. ಒಂದೊಂದು ಕಮಾಂಡಿಗೂ ಹೆಸರು, ಬಳಸುವ ರೀತಿ, ವಿವರಣೆ, ಬರಬಹುದಾದ ದೂರುಗಳು, ಹೀಗೆ ಹೋಗಿ ಕೊನೆಯ ಹತ್ತಿರ 'ಬಗ್ಸ್' ಅಂತ ಒಂದು ತಲೆಬರಹ. ನಮ್ಮ ಪ್ರೋಗ್ರಾಮಿನ ಹುಳುಕು ಏನು ಅಂತ ತಾವೇ ಬರೆದಿಡುವ ಧೈರ್ಯ ನೋಡಿ. ಇವತ್ತಿನ ಕಂಪನಿಗಳ ವೆಬ್‌ಸೈಟುಗಳಲ್ಲಿ ಟೂಲ್ ಎಷ್ಟು ಶಕ್ತಿಶಾಲಿ, ಎಷ್ಟು ಸರಳ ಅಂತ ಮೂರು ಪುಟ ಇರುತ್ತೆ, ಯಾವಾಗ ಕೈಕೊಡುತ್ತೆ ಅಂತ ಒಂದು ಸಾಲೂ ಇರುವುದಿಲ್ಲ. ಏಜೆಂಟ್‌ಗೆ ಬೇಕಾದದ್ದು ಆ ಒಂದು ಸಾಲೇ.

ಹಾಗಂತ ಆ ಕಾಲದ ಎಲ್ಲವೂ ಏಜೆಂಟ್‌ಗೆ ಹಿತ ಅಂತಲೂ ಅಲ್ಲ. ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಅನ್ನುವ ಯುನಿಕ್ಸ್ ಕಮಾಂಡ್ ಇದೆಯಲ್ಲ, ಹುಡುಕಿದ್ದು ಸಿಕ್ಕರೆ 0 ಅಂತ ಮುಗಿಯುತ್ತೆ, ಸಿಗದಿದ್ದರೆ 1, ನಿಜವಾಗಿ ಏನಾದರೂ ಕೆಟ್ಟರೆ 2. ಕೈಪಿಡಿಯಲ್ಲಿ ಬರೆದಿದೆ. ಆದರೆ 'ಸೊನ್ನೆ ಅಲ್ಲದ್ದೆಲ್ಲ ಎಡವಟ್ಟು' ಅಂತ ಹಿಡಿದು ನೋಡುವ ಪ್ರೋಗ್ರಾಮಿನ ಒಳಗೆ ಏಜೆಂಟ್ ಕೂತಿದ್ದರೆ, ಏನೂ ಸಿಗಲಿಲ್ಲ ಅನ್ನುವ ಸಾಮಾನ್ಯ ಸುದ್ದಿ ಅದಕ್ಕೆ ಅಪಘಾತದ ಹಾಗೆ ಕಾಣುತ್ತೆ. ಮೌನವೂ ಅಷ್ಟೇ. ಕೆಲಸ ಆದರೆ ಸುಮ್ಮನಿರುವುದು ಯುನಿಕ್ಸ್ ಕಮಾಂಡ್‌ಗಳ ಸ್ವಭಾವ. ಪ್ರಿನ್ಸ್‌ಟನ್‌ನವರು 2024ರಲ್ಲಿ ಎಸ್‌ಡಬ್ಲ್ಯುಇ-ಏಜೆಂಟ್ ಅಂತ ಮಾಡಿದರು, ಕೋಡಿನ ತಪ್ಪು ಸರಿಪಡಿಸುವ ಏಜೆಂಟ್. ಕಮಾಂಡ್ ಏನೂ ಹೇಳದೆ ಮುಗಿದಾಗ 'ನಿನ್ನ ಕಮಾಂಡ್ ಸರಿಯಾಗಿ ನಡೆಯಿತು, ಅದು ಏನನ್ನೂ ಮುದ್ರಿಸಲಿಲ್ಲ' ಅನ್ನುವ ಅರ್ಥದ ಒಂದು ಸಾಲನ್ನು ಅವರೇ ಸೇರಿಸಿ ಕೊಡುತ್ತಿದ್ದರು. ಫೈಲ್ ತೋರಿಸುವಾಗಲೂ ಒಂದು ಸಲಕ್ಕೆ ನೂರು ಸಾಲು ಮಾತ್ರ.

ಆ ಒಂದು ಸಾಲಿನ ಬೆಲೆ ನನಗೆ ಗೊತ್ತಾದದ್ದು ಒಂದು ರಜೆಯ ದಿನ. ಅವತ್ತು ಮಾರುಕಟ್ಟೆಯಲ್ಲಿ ವಹಿವಾಟಿಲ್ಲ, ಟೇಬಲ್ಲಿನಲ್ಲಿ ದರ ಇಲ್ಲ, ನನ್ನ ಟೂಲ್ ಖಾಲಿ ಪಟ್ಟಿ ವಾಪಸ್ ಕೊಟ್ಟಿತು. ಏಜೆಂಟ್ ಮತ್ತೆ ಕೇಳಿತು. ತಾರೀಖನ್ನು ಬೇರೆ ಥರ ಬರೆದು ಕೇಳಿತು. ಚಾಲಿಯ ಸ್ಪೆಲ್ಲಿಂಗ್ ಬದಲಿಸಿ ಕೇಳಿತು. ಆರು ಸಲ ಬಾಗಿಲು ಬಡಿದು, ಕೊನೆಗೆ ಹಿಂದಿನ ವಾರದ ದರವನ್ನು ಇವತ್ತಿನದು ಅಂತ ಹೇಳಿಬಿಟ್ಟಿತು. ಈಗ ಟೂಲ್ ಹೇಳುವುದು ಹೀಗೆ: ಈ ತಾರೀಖಿಗೆ ಚಾಲಿ ದರ ದಾಖಲಾಗಿಲ್ಲ, ಹುಡುಕಾಟದಲ್ಲಿ ತಪ್ಪಿಲ್ಲ, ಕೊನೆಯ ದರ ಇಂಥ ದಿನದ್ದು, ಇಷ್ಟು, ಹೇಳುವುದಾದರೆ ತಾರೀಖು ಸೇರಿಸಿ ಹೇಳು. ಇದೂ ಡಾಕ್ಯುಮೆಂಟೇ. ಏಜೆಂಟ್ ಎಡವಿದ ಜಾಗದಲ್ಲೇ ಅದರ ಕೈಗೆ ಸಿಗುತ್ತೆ ಅಷ್ಟೇ, ಮೊದಲೇ ಎಲ್ಲವನ್ನೂ ವಿವರಣೆಯಲ್ಲಿ ತುಂಬಿಡುವ ಗೋಜಿಲ್ಲ.

ತುಂಬಿಡುವ ಚಟ ನನಗೆ ನಡುವೆ ಅಂಟಿತ್ತು, ಸುಳ್ಳು ಯಾಕೆ ಹೇಳಲಿ. ಒಂದೊಂದು ತಪ್ಪು ಸಿಕ್ಕಾಗಲೂ ಒಂದೊಂದು ಸಾಲು ಸೇರಿಸಿ ಸೇರಿಸಿ, ದರದ ಟೂಲ್ ಒಂದರ ವಿವರಣೆಯೇ ಒಂದೂವರೆ ಪುಟ ಆಗಿತ್ತು. ಬಸ್ಸಿನೊಳಗೆ ಬರೆದ ಸೂಚನೆಗಳ ಹಾಗೆ, ಯಾರು ಓದುತ್ತಾರೆ? ಏಜೆಂಟ್ ಓದುತ್ತೆ ನಿಜ, ಆದರೆ ಮುಖ್ಯವಾದದ್ದೂ ಅಲ್ಲದ್ದೂ ಒಂದೇ ದನಿಯಲ್ಲಿದ್ದರೆ ಅದಕ್ಕೂ ಗೊಂದಲ. ಜೊತೆಗೆ ಆಗ ನನ್ನಲ್ಲಿ ಹನ್ನೊಂದು ಟೂಲ್ ಇದ್ದವು, 'ಬಾಕಿ ನೋಡು', 'ಖಾತೆ ನೋಡು', 'ಲೆಕ್ಕ ನೋಡು' ಅಂತ. ಮೂರಕ್ಕೂ ಏನು ವ್ಯತ್ಯಾಸ ಅಂತ ರಾತ್ರಿ ಹನ್ನೊಂದಕ್ಕೆ ನನ್ನನ್ನೇ ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲ. ಈಗ ಐದು ಟೂಲ್ ಉಳಿಸಿದ್ದೇನೆ. ಪ್ರತಿಯೊಂದರ ವಿವರಣೆಯಲ್ಲಿ ಇದು ಏನು ಮಾಡುತ್ತೆ ಅಂತ ಒಂದು ಸಾಲು, ಏನು ಮಾಡುವುದಿಲ್ಲ ಮತ್ತು ಅದಕ್ಕೆ ಯಾವ ಟೂಲ್ ನೋಡಬೇಕು ಅಂತ ಇನ್ನೊಂದು. ಎರಡನೆಯ ಸಾಲೇ ಹೆಚ್ಚು ಕೆಲಸ ಮಾಡುತ್ತಿದೆ.

ಉದಾಹರಣೆ ಕೊಡುವುದು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಕೊಟ್ಟೆ. ಅಡ್ವಾನ್ಸ್ ಬರೆಯುವ ಟೂಲ್‌ನಲ್ಲಿ ಉದಾಹರಣೆಯಾಗಿ 25,000 ಅಂತ ಹಾಕಿದ್ದೆ. ಒಂದಿನ ಭಾವ ಅವಸರದಲ್ಲಿ "ಹೆಗಡೇರ ಅಡ್ವಾನ್ಸ್ ಬರಿ" ಅಂತಷ್ಟೇ ಟೈಪ್ ಮಾಡಿದರು, ಮೊತ್ತ ಹೇಳಲಿಲ್ಲ. ಬರೆದದ್ದು ಎಷ್ಟು ಅಂತೀರಿ? ಅದೇ ಇಪ್ಪತ್ತೈದು ಸಾವಿರ, ನನ್ನ ಉದಾಹರಣೆಯಿಂದ ಎತ್ತಿಕೊಂಡದ್ದು. ಯಾವ ಹೆಗಡೇರು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ, ಭಾವನ ಪಟ್ಟಿಯಲ್ಲಿ ಅರ್ಧ ಜನ ಹೆಗಡೇರೇ. ಏಜೆಂಟ್ ಪಟ್ಟಿಯ ಮೊದಲನೆಯವರಿಗೆ ಬರೆದಿತ್ತು. ಈಗ ಉದಾಹರಣೆಯಲ್ಲಿ ಮೊತ್ತದ ಜಾಗಕ್ಕೆ 'ಬಳಕೆದಾರರು ಹೇಳಿದ ಮೊತ್ತ' ಅಂತಿದೆ, ಹೆಸರಿನ ಬದಲು ಖಾತೆ ನಂಬರ್ ಕಡ್ಡಾಯ, ಒಂದೇ ಹೆಸರಿನ ಇಬ್ಬರು ಸಿಕ್ಕರೆ ಟೂಲ್ ಊರಿನ ಹೆಸರಿನ ಜೊತೆ ಪಟ್ಟಿ ಕೊಟ್ಟು ನಿಂತುಬಿಡುತ್ತೆ.

ಇವೆಲ್ಲಕ್ಕಿಂತ ಬೆವರು ಇಳಿಸಿದ್ದು ಎರಡು ಸಲ ಬರೆದ ಅಡ್ವಾನ್ಸ್. ನಮೂದು ಮಾಡಿದ ಕೂಡಲೇ ಬ್ಯಾಕಪ್ ಕಳಿಸಿ ಆಮೇಲೆ ಉತ್ತರ ಕೊಡುವ ಹಾಗೆ ಬರೆದಿದ್ದೆ, ಊರಿನ ಇಂಟರ್ನೆಟ್ ಅವತ್ತು ತೆವಳುತ್ತಿತ್ತು. ಉತ್ತರ ಬರಲು ತಡ ಆಯಿತು, ಟೈಮ್‌ಔಟ್ ಆಯಿತು, ಏಜೆಂಟ್ ಪಾಪ ಕೆಲಸ ಆಗಿಲ್ಲ ಅಂದುಕೊಂಡು ಇನ್ನೊಮ್ಮೆ ಬರೆಯಿತು. ಸಂಜೆ ನಗದು ತಾಳೆ ನೋಡುವಾಗ ಭಾವನಿಗೆ ಸಿಕ್ಕಿತು. ಸಿಗದೆ ಹೋಗಿದ್ದರೆ ಸುಗ್ಗಿಯಲ್ಲಿ ಒಬ್ಬ ಬೆಳೆಗಾರರ ಲೆಕ್ಕದಲ್ಲಿ ಅವರು ತೆಗೆದುಕೊಳ್ಳದ ದುಡ್ಡು ಮುರಿಯುತ್ತಿತ್ತು. ದರ ತಪ್ಪು ಹೇಳಿದರೆ ನಗುತ್ತಾರೆ, ಇದಾದರೆ ಮುಂದಿನ ವರ್ಷ ಅಂಗಡಿಗೇ ಬರುವುದಿಲ್ಲ.

ಎಂಸಿಪಿಯಲ್ಲಿ ಇದಕ್ಕೆ ಅಂತ ಜಾಗ ಇದೆ. 2025ರ ಮಾರ್ಚ್‌ನ ಆವೃತ್ತಿಯಲ್ಲಿ ಟೂಲ್‌ಗೆ ಸುಳಿವುಗಳನ್ನು ಅಂಟಿಸುವ ವ್ಯವಸ್ಥೆ ಬಂತು: ಇದು ಬರೀ ಓದುವ ಟೂಲಾ, ಇದ್ದದ್ದನ್ನು ಅಳಿಸುವಂಥದ್ದಾ, ಅದೇ ಮಾಹಿತಿಯಲ್ಲಿ ಎರಡು ಸಲ ಕರೆದರೂ ಒಂದೇ ಸಲ ಕರೆದ ಹಾಗಾ. ನಾನು ಯಾವುದನ್ನೂ ತುಂಬಿರಲಿಲ್ಲ. ಈಗ ತುಂಬಿದ್ದೇನೆ, ಆದರೆ ಅವು ಸುಳಿವು ಮಾತ್ರ, ಬೀಗ ಅಲ್ಲ. ನಂಬಿಕೆ ಇಲ್ಲದ ಸರ್ವರಿನಿಂದ ಬಂದ ಸುಳಿವನ್ನು ನಂಬಬೇಡಿ ಅಂತ ಆ ನಿಯಮಾವಳಿಯೇ ಹೇಳುತ್ತೆ. ಹಾಗಾಗಿ ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆ ಕೇಳುತ್ತೇನೆ, ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಬರೆಯದೆ 'ಇದು ಆಗಲೇ ಬರೆದಾಗಿದೆ' ಅಂತ ಹಳೆಯದನ್ನೇ ತೋರಿಸುತ್ತೆ. ವಿವರಣೆಯಲ್ಲೂ ಬರೆದಿದ್ದೇನೆ, ಟೈಮ್‌ಔಟ್ ಆದರೆ ಅದೇ ಸಂಖ್ಯೆಯಲ್ಲಿ ಮತ್ತೆ ಕರೆ ಅಂತ. ದುಡ್ಡು ಮುಟ್ಟುವ ಜಾಗದಲ್ಲಿ ಬರೀ ಮಾತನ್ನು ನಂಬಿ ಕೂರಲು ನನಗೆ ಧೈರ್ಯ ಇಲ್ಲ.

ಇದೆಲ್ಲ ಸರಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ? ಭಾವ ಮೊದಲ ಎರಡು ತಿಂಗಳು ಟೈಪ್ ಮಾಡಿದ್ದರಲ್ಲಿ ಮೂವತ್ತು ಪ್ರಶ್ನೆ ಹೆಕ್ಕಿ ಒಂದು ಫೈಲಿನಲ್ಲಿ ಇಟ್ಟಿದ್ದೇನೆ, ಅವರ ಸ್ಪೆಲ್ಲಿಂಗ್ ತಪ್ಪಿನ ಸಮೇತ. ವಿವರಣೆಯಲ್ಲಿ ಒಂದು ಪದ ಬದಲಿಸಿದರೂ ಮೂವತ್ತನ್ನೂ ಮತ್ತೆ ಕೇಳಿಸಿ ಯಾವ ಟೂಲ್ ಕರೆಯಿತು, ಏನು ತುಂಬಿತು ಅಂತ ನೋಡುತ್ತೇನೆ. ಮೊದಲ ಸಲ ಅರ್ಧಕ್ಕರ್ಧ ತಪ್ಪಿದ್ದವು. ನಾನೇ ಕೂತು ಕಲ್ಪಿಸಿದ ಪ್ರಶ್ನೆಗಳಿಗೆ ಮಾತ್ರ ಎಲ್ಲವೂ ಸರಿ ಇದ್ದವು, ಯಾಕಂದರೆ ನಾನು ಕೇಳುವಾಗ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತೇನೆ. "ಈ ವರ್ಷ ವ್ಯಾಪಾರ ಎಷ್ಟಾತು" ಅನ್ನುವುದು ನನಗೆ ಹೊಳೆಯುತ್ತಲೇ ಇರಲಿಲ್ಲ. ಜನವರಿಯಲ್ಲಿ ಕೇಳಿದರು, ಏಜೆಂಟ್ ಜನವರಿ 1ರಿಂದ ಲೆಕ್ಕ ಹಾಕಿ ಹನ್ನೆರಡು ದಿನದ ವ್ಯಾಪಾರ ಹೇಳಿತು. ವ್ಯಾಪಾರಿಗೆ ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್. ಇದೂ ಎಲ್ಲರಿಗೂ ಗೊತ್ತಿರುವ, ಎಲ್ಲೂ ಬರೆಯದ ಇನ್ನೊಂದು.

ಇನ್ನೊಂದು ಪರೀಕ್ಷೆಯೂ ಮಾಡುತ್ತೇನೆ, ಇದು ಮಾತ್ರ ಖರ್ಚಿಲ್ಲದ್ದು. ವಿವರಣೆಯನ್ನು ಅಕ್ಕನಿಗೆ ಕಳಿಸುತ್ತೇನೆ. ಅಕ್ಕನಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ, ಅಡಿಕೆ ಚೆನ್ನಾಗಿ ಗೊತ್ತು. ಓದಿ, ಈ ಜಾಗದಲ್ಲಿ ನೀನಾದರೆ ಏನು ತುಂಬುತ್ತೀಯ ಅಂತ ಕೇಳುತ್ತೇನೆ. 'ದಾಸ್ತಾನು' ಅಂತ ನಾನು ಬರೆದಿದ್ದನ್ನು ನೋಡಿ "ಒಣಗಿದ್ದಾ, ಅಂಗಳದಲ್ಲಿ ಇನ್ನೂ ಒಣಗ್ತಾ ಇಪ್ಪದೂ ಸೇರಿನಾ?" ಅಂತ ಕೇಳಿದಳು. ಆ ಪ್ರಶ್ನೆ ನಾಲ್ಕು ತಿಂಗಳಲ್ಲಿ ನನಗೂ ಬಂದಿರಲಿಲ್ಲ, ಮಾಡೆಲ್‌ಗೂ ಬಂದಿರಲಿಲ್ಲ.

ಹೋದ ವಾರ ಭಾವನ ಹೊಸ ದೂರು ಬಂದಿದೆ. ಸಿಟ್ಟಿನಲ್ಲಿ 'ಅನುಮಾನ ಇದ್ದರೆ ಊಹಿಸಬೇಡ, ಕೇಳು' ಅಂತ ಐದೂ ಟೂಲ್‌ಗಳ ವಿವರಣೆಯಲ್ಲಿ ಬರೆದಿಟ್ಟಿದ್ದೆ. ಈಗ "ರಾಶಿ ಎಷ್ಟಿದೆ" ಅಂದರೆ ಯಾವ ಗೋದಾಮು, ಯಾವ ತಾರೀಖಿನವರೆಗೆ, ತೂಕ ಬಾಕಿ ಇರುವ ಚೀಲ ಸೇರಿಸಬೇಕೇ ಅಂತ ಮೂರು ಪ್ರಶ್ನೆ ಹಾಕುತ್ತಂತೆ. "ಮೊದಲು ಎಂತದೂ ಕೇಳದೆ ತಪ್ಪು ಹೇಳ್ತಿತ್ತು, ಈಗ ಎಲ್ಲ ನನ್ನ ಹತ್ರವೇ ಕೇಳ್ತು, ಹಂಗಾರೆ ಕಿರ್ದಿ ಪುಸ್ತಕ ಎಂತಕ್ಕೆ ಮುಚ್ಚಿಸಿದೆ?" ಅಂದರು. ಈ ಶನಿವಾರ ಕೂತು, ಹೇಳದಿದ್ದರೆ ಶಿರಸಿ ಗೋದಾಮು, ಹೇಳದಿದ್ದರೆ ಇವತ್ತಿನವರೆಗೆ ಅಂತ ಬರೆಯಬೇಕು. ಅಡ್ವಾನ್ಸ್ ಟೂಲ್‌ನಲ್ಲಿ ಮಾತ್ರ ಆ 'ಕೇಳು' ಹಾಗೇ ಇರುತ್ತೆ, ಭಾವ ಎಷ್ಟೇ ಬೈದರೂ.